ಸ್ವಾಮಿಯ ಟೊಪ್ಪಿಗೆ

ಇಂದಿನ ವಿಜಯಪುರವು ಬಿಜಾಪುರವೆನಿಸಿದ್ದ ಕಾಲವದು. 1975-76ರ ಉಪಗ್ರಹ ಪ್ರಯೋಗದಲ್ಲಿಯೇ ನಮ್ಮ ಜಿಲ್ಲೆಯ ಹಲವು ಹಳ್ಳಿಗಳು ದೂರದರ್ಶನವನ್ನು ಕಂಡಿದ್ದವು. ಅಥಣಿ ರಸ್ತೆಯ ನಮ್ಮ ಓಣಿಗೆ ಅದು ಬಂದುದು ಹತ್ತು ವರ್ಷಗಳ ಮೇಲೆ. ಆಗ ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಬರುತ್ತಿತ್ತು. ಮಾತು ಹಿಂದಿಯದು, ಆದರೆ ಕಾಣುವ ಊರು ನಮ್ಮ ಆಗುಂಬೆ, ಸ್ವಾಮಿಯಾದ ಹುಡುಗ ನಮ್ಮ ಮಂಜುನಾಥ.

ಅವ್ವ ಕೌದಿ ಹೊಲಿದು ಮನೆ ನಡೆಸುತ್ತಿದ್ದಳು. ಉಳಿದ ಚೂರುಗಳಿಂದ ಅರಿವೆಗೊಂಬೆಗಳನ್ನೂ ಮಾಡುವಳು. ಟಿ.ವಿ. ಇದ್ದ ಮನೆಯವರು ತಮ್ಮ ಮಗನಿಗೆ ಸ್ವಾಮಿಯ ಗೊಂಬೆ ಬೇಕೆಂದು ಹೇಳಿ, ಐದು ರೂಪಾಯಿ ಮುಂಗಡವಿತ್ತರು. ಆ ಹಣ ಅಂದೇ ಜೋಳಕ್ಕೆ ಹೋಯಿತು. ಇನ್ನು ಹುಡುಗನು 'ಇವನು ಸ್ವಾಮಿಯಲ್ಲ' ಎಂದರೆ ಮರಳಿಸುವುದೆಲ್ಲಿಂದ?

ಹತ್ತಿ ತುಂಬಿದ ಮುಖದ ಮೇಲೆ ಕಣ್ಣು ಬಾಯಿಗಳನ್ನು ಮೂರು ಸಲ ಹೊಲಿದು ಬಿಚ್ಚಿದೆವು. ಪ್ರತಿಸಲವೂ ಯಾರದೋ ಮುಖ! ಕೊನೆಗೆ ಅವ್ವ, "ಮಾರಿ ಇರಲಿ ಬಿಡವಾ, ಟೊಪಿಗಿ ನೋಡು" ಎಂದಳು. ಅರಿವೆಗೊಂಬೆಯಲ್ಲಿ ಮುಖಕ್ಕಿಂತ ಮೊದಲು ಗುರುತು ಹೇಳುವುವು ಉಡುಗೆ ಮತ್ತು ನಿಲುವು. ಕೋಟಿನ ಬಣ್ಣವನ್ನು ಆ ಕಪ್ಪು-ಬಿಳುಪು ಪೆಟ್ಟಿಗೆ ಹೇಳದು. ಹಳೆಯ ಕಂದು ಕೋಟಿನ ತೋಳನ್ನೇ ಕತ್ತರಿಸಿದಳು. ಹರಿದ ಕೊಡೆಯ ಬಟ್ಟೆ ಟೊಪ್ಪಿಗೆಯಾಯಿತು. ಅದನ್ನು ಮಾತ್ರ ತಲೆಗೆ ಹೊಲಿಯಲಿಲ್ಲ. ಆರ್. ಕೆ. ನಾರಾಯಣರ ಕಥೆಯಲ್ಲಿ ಸ್ವಾಮಿ ತನ್ನ ಟೊಪ್ಪಿಗೆಯನ್ನು ವಿದೇಶಿಯೆಂದು ಬಗೆದು ಬೆಂಕಿಗೆ ಎಸೆಯುತ್ತಾನೆ; ಅದು ಖಾದಿಯದೆಂದು ತಿಳಿಯುವುದು ಆಮೇಲೆ. ಆ ಹುಡುಗನೇ ಬಂದು ಅವ್ವನಿಗೆ ಈ ಕಥೆ ಹೇಳಿಹೋಗಿದ್ದನು.

ಗೊಂಬೆ ಕೈಗೆ ಬಂದೊಡನೆ ಅವನು ಅದರ ಮುಖವನ್ನು ನೋಡಲೇ ಇಲ್ಲ. ಟೊಪ್ಪಿಗೆಯನ್ನು ಕಿತ್ತುಕೊಂಡು ಒಲೆಯತ್ತ ಓಡಿದನು. ಅವನ ತಾಯಿ ಅದನ್ನು ಕಸಿದುಕೊಂಡು, ನಗುತ್ತ, ಉಳಿದ ಹಣ ತರಲು ಒಳಗೆ ಹೋದರು.