ಜೋಡಿ ಕಾರ್ಬೊರೇಟರು, ಆಗುಂಬೆ ಮಳೆ

ಮಾವನ ಹೆರಾಲ್ಡ್ ಕಾರಿನ ಇಂಜಿನ್ ಬಿಚ್ಚಿದ್ದು ಯಾವ ಮಳೆಗಾಲದಲ್ಲಿ ಅಂತ ಕೇಳಿದರೆ ಸರಿಯಾಗಿ ಹೇಳಲಾರೆ. ಅತ್ತೆ ಕೆಸುವಿನೆಲೆ ಕೊಯ್ದು ಪತ್ರೊಡೆ ಮಾಡುತ್ತಿದ್ದಳು, ಬಚ್ಚಲೊಲೆ ಹಗಲಿಡೀ ಉರಿಯುತ್ತಿತ್ತು, ಆದರೂ ಬಟ್ಟೆ ಒಣಗುತ್ತಿರಲಿಲ್ಲ. ಆಷಾಢವೋ ಶ್ರಾವಣವೋ ನೀವೇ ಲೆಕ್ಕ ಹಾಕಿಕೊಳ್ಳಿ.

ಹೆರಾಲ್ಡ್ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿಗೆ ಇಟಲಿಯ ಮಿಕೆಲೊಟ್ಟಿ ಅನ್ನುವವರು ಗೆರೆ ಹಾಕಿಕೊಟ್ಟ ಗಾಡಿ. ಅಲ್ಲಿ 1959ರಲ್ಲಿ ಬಂತು, 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರಿನವರು ನಮ್ಮಲ್ಲೇ ಮಾಡತೊಡಗಿದರು. ಅದರ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮುಂದಿನ ಟೈರಿನ ಮೇಲೆ ಕೂತು, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು, ಆರಾಮವಾಗಿ ರಿಪೇರಿ ಮಾಡಬಹುದಿತ್ತು. ಇಂಜಿನ್ 948 ಸಿಸಿ. ಮಾವನ ಗಾಡಿ ಅಡಿಕೆ ಸಿಪ್ಪೆಯ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷ ನಿಂತಿದ್ದು, ಏರ್ ಫಿಲ್ಟರಿನಲ್ಲಿ ಇಲಿ ಮರಿ ಹಾಕಿತ್ತು.

ಬಿಚ್ಚಿದವರು ತೀರ್ಥಹಳ್ಳಿ ಕಡೆಯ ಒಬ್ಬ ಹಳೇ ಮೇಸ್ತ್ರಿ. ಅವರಿಗೆ ಬಲಗಿವಿ ಕೇಳುತ್ತಿರಲಿಲ್ಲ, ಎಡಗಿವಿ ಮಾತ್ರ ಮೂರು ಗದ್ದೆ ಆಚೆಯ ಟ್ಯಾಪೆಟ್ ಸದ್ದನ್ನೂ ಹಿಡಿಯುತ್ತಿತ್ತು. ಬೀಡಿ ಸೇದುವುದಿಲ್ಲ, ಬರೀ ಕಿವಿ ಮೇಲೆ ಇಟ್ಟುಕೊಳ್ಳುತ್ತಾರೆ. ಎಂಟು ಟ್ಯಾಪೆಟ್ಟುಗಳು ಅದಲುಬದಲಾಗಬಾರದೆಂದು ಅತ್ತೆಯ ಇಡ್ಲಿ ತಟ್ಟೆ ಕೇಳಿ ತಂದರು. ನಾಲ್ಕು ಗುಳಿಯ ಎರಡು ತಟ್ಟೆ, ಲೆಕ್ಕ ಸರಿಹೋಯಿತು. ಬಳಸಿದ ಟ್ಯಾಪೆಟ್ಟು ಯಾವ ಕ್ಯಾಮಿನ ಮೇಲೆ ಸವೆದಿತ್ತೋ ಅದರ ಮೇಲೇ ಕೂರಬೇಕು ಅನ್ನುವುದು ಅವರ ಶಾಸ್ತ್ರ, ಮತ್ತು ಅದು ನಿಜ.

ನಮ್ಮ ಕ್ಯಾಮ್ ಶಾಫ್ಟಿನ ಒಂದೆರಡು ಮೂಗು ಸವೆದಿತ್ತು. ಆಗ ಶುರುವಾಯಿತು ನೋಡಿ ನನ್ನ ಪಂಡಿತಿಕೆ. ಕಾಲೇಜಿನಲ್ಲಿದ್ದೆ, ಇಂಗ್ಲಿಷ್ ಮೋಟಾರು ಪುಸ್ತಕ ಓದುತ್ತಿದ್ದೆ. ಟ್ರಯಂಫಿನವರೇ ಇದೇ ಇಂಜಿನ್ನಿಗೆ ಕೂಪೆ ಗಾಡಿಯಲ್ಲಿ ಎಸ್‌ಯು ಕಾರ್ಬೊರೇಟರ್ ಎರಡು ಕೂರಿಸಿದ್ದರು. 35ರ ಆಸುಪಾಸಿನ ಕುದುರೆಶಕ್ತಿ 45ರ ಹತ್ತಿರ ಹೋಗಿತ್ತು. ನಮ್ಮದರಲ್ಲಿದ್ದದ್ದು ಒಂದೇ ಒಂದು ಸೋಲೆಕ್ಸ್. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಮ್ಯಾನಿಫೋಲ್ಡ್ ಸಮೇತ ಜೋಡಿ ಎಸ್‌ಯು ಸಿಕ್ಕಿತು. ಎಷ್ಟು ಕೊಟ್ಟೆನೋ ಮರೆತಿದೆ, ಮಾವನಿಗೆ ಹೇಳಿದ್ದು ಅದರ ಅರ್ಧ ಅನ್ನುವುದು ನೆನಪಿದೆ.

ಅದೇ ಊರಿನಲ್ಲಿ, ಶೋಳಾವರಂ ರೇಸಿಗೆ ಹೋಗುವವರ ಕ್ಯಾಮ್ ತೀಡಿಕೊಡುವ ಒಬ್ಬರಿದ್ದರು. ತೀಡುವುದೆಂದರೆ ಮೂಗಿಗೆ ಲೋಹ ಮೆತ್ತುವುದಲ್ಲ. ಬೆನ್ನ ಕಡೆ ಅರೆದು ಮೂಗು ಉದ್ದವಾಗುವಂತೆ ಮಾಡುವುದು. ವಾಲ್ವು ಹೆಚ್ಚು ಏಳುತ್ತದೆ, ಹೆಚ್ಚು ಹೊತ್ತು ತೆರೆದಿರುತ್ತದೆ.

ಮೇಸ್ತ್ರಿ ಕೇಳಿಸಿಕೊಂಡು ಕಿವಿಯ ಬೀಡಿ ಸರಿಮಾಡಿಕೊಂಡರು. "ತಮ್ಮಾ, ಗದ್ದೆಗೆ ನೀರು ಬಿಟ್ಟಿದೀಯಾ? ಹಳ್ಳ ರಭಸವಾಗಿ ಬರುವಾಗ ಅಂಚಿನ ಕಂಡಿ ಎಷ್ಟು ಹೊತ್ತು ತೆರೆದಿದ್ರೂ ನೀರು ಒಳಗೇ ನುಗ್ತದೆ. ಹರಿವು ನಿಧಾನ ಇದ್ದಾಗ ಮುಚ್ಚೋದು ತಡ ಮಾಡಿದ್ರೆ ಒಳಗೆ ಬಂದದ್ದೂ ವಾಪಸ್ ಹೋಗ್ತದೆ. ನಿನ್ನ ಕ್ಯಾಮು ಕಂಡಿ ಮುಚ್ಚೋದು ತಡ. ನಿನ್ನ ಮಾವ ಗಾಡಿ ಓಡಿಸೋದು ನಿಧಾನ."

ಮದ್ರಾಸಿನ ಹತ್ತಿರದ ಹಳೇ ವಿಮಾನಪಟ್ಟಿಯ ಮೇಲೆ ಆಕ್ಸಿಲರೇಟರ್ ಒತ್ತಿದ ಕಾಲು ಎತ್ತದೆ ಓಡಿಸುವವರ ಕ್ಯಾಮದು. ನನಗದು ತಲೆಗೆ ಹೋಗಲಿಲ್ಲ. ತೀಡಿಸಿ ತಂದೆ.

ಇಂಜಿನ್ ಕೂಡಿಸಿ ಸ್ಟಾರ್ಟ್ ಮಾಡಿದ ದಿನ ಮೇಸ್ತ್ರಿ ಐಡ್ಲಿಂಗಿಗೆ ಬಿಡಲೇ ಇಲ್ಲ. ತೀಡಿದ ಕ್ಯಾಮನ್ನು ಮೊದಲ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಮೇಲೇ ಓಡಿಸಬೇಕು, ಇಲ್ಲದಿದ್ದರೆ ಎಣ್ಣೆ ಸಾಲದೆ ಕ್ಯಾಮೂ ಟ್ಯಾಪೆಟ್ಟೂ ಒಂದನ್ನೊಂದು ತಿನ್ನುತ್ತವೆ. ಅಲ್ಲಿಗೆ ಎಲ್ಲ ಚೆಂದ. ಆಮೇಲೆ ಜೋಡಿ ಕಾರ್ಬೊರೇಟರನ್ನು ಸಮ ಮಾಡುವ ಕೆಲಸ. ಒಂದು ರಬ್ಬರ್ ನಳಿಗೆಯ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರಿನ ಬಾಯಿಗೆ. ಗಾಳಿ ಎಳೆಯುವ ಸುಯ್ಯೆನ್ನುವ ಸದ್ದು ಎರಡರಲ್ಲೂ ಒಂದೇ ಆಗಬೇಕು. ಮೇಸ್ತ್ರಿಯ ಎಡಗಿವಿಗೆ ಇದೇನೂ ಕಷ್ಟವಲ್ಲ. ಕಷ್ಟ ಆದದ್ದು ತಗಡಿನ ಮಾಡು. ಆಗುಂಬೆ ಸೀಮೆಯ ಮಳೆ ತಗಡಿನ ಮೇಲೆ ಬಿದ್ದರೆ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ, ಇನ್ನು ಗಾಳಿಯ ಸುಯ್ಯೆಲ್ಲಿ! ಮೂರು ದಿನ ಮಳೆ ಬಿಡಲಿ ಅಂತ ಕಾದೆವು. ಹಲಸಿನ ಹಪ್ಪಳ ಸುಟ್ಟು ತಿಂದು ಕಾದೆವು. ಒಂದು ಸಂಜೆ ಹೊಳವಾಯಿತು, ಮೇಸ್ತ್ರಿ ಅತ್ತೆಯ ರುಬ್ಬುವ ಕಲ್ಲನ್ನೂ ನಿಲ್ಲಿಸಿ ಸ್ಕ್ರೂ ತಿರುಗಿಸಿದರು. ಅರ್ಧ ಕೆಲಸಕ್ಕೆ ಮತ್ತೆ ಸುರಿಯಿತು.

ಹಾಗೇ ಹೊರಟೆವು, ಹೆಬ್ರಿಯಲ್ಲಿ ಅತ್ತೆಯ ತವರು. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ವಾಪಸು ಬರುವಾಗ ಸೋಮೇಶ್ವರ ದಾಟಿ ಘಾಟಿ ಹತ್ತಬೇಕಲ್ಲ, ಹದಿನಾಲ್ಕು ಹೇರ್‌ಪಿನ್ ತಿರುವು. ನೇರ ಇದ್ದಲ್ಲಿ ರೇಸ್ ಕೊಟ್ಟರೆ ಗಾಡಿ ಕೂಗಿಕೊಂಡು ಏರುತ್ತಿತ್ತು. ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲಿ ನಿಧಾನ ಮಾಡಿದರೆ ಪಿಕಪ್ಪೇ ಇಲ್ಲ, ಕೆಮ್ಮುತ್ತದೆ. ಫಸ್ಟಿಗೆ ಹಾಕೋಣವೆಂದರೆ ಆ ಗಾಡಿಯ ಫಸ್ಟ್ ಗೇರಿಗೆ ಸಿಂಕ್ರೊ ಇರಲಿಲ್ಲ, ನಿಲ್ಲಿಸಿಯೇ ಹಾಕಬೇಕು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ನಿಂತೇಹೋಯಿತು, ಹಿಂದೆ ಬಸ್ಸು. ಮಾವ ಒಂದು ಮಾತು ಆಡಲಿಲ್ಲ. ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೊಡೆ ಬಿಡಿಸಿ, ಬುತ್ತಿಯಿಂದ ಕಡುಬು ತೆಗೆದ. ಬಸ್ಸಿನ ಡ್ರೈವರಿಗೂ ಒಂದು ಕೊಟ್ಟ.

ಅರೆದ ಲೋಹ ಮತ್ತೆ ಹುಟ್ಟುವುದಿಲ್ಲ. ಮೇಸ್ತ್ರಿ ಎಲ್ಲಿಂದಲೋ ಇನ್ನೊಂದು ಹೆರಾಲ್ಡಿನ ಕ್ಯಾಮ್ ಶಾಫ್ಟನ್ನು ಅದರದೇ ಎಂಟು ಟ್ಯಾಪೆಟ್ಟಿನೊಡನೆ ತಂದು ಹಾಕಿದರು, ಹಳೇ ಸೋಲೆಕ್ಸನ್ನೇ ತೊಳೆದು ಕೂರಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಘಾಟಿಯಲ್ಲಿ ತಪ್ಪು ಮಾಡಿದ್ದು ಎಸ್‌ಯುಗಳಲ್ಲ, ಕ್ಯಾಮು. ಆದರೆ ಮಳೆ ನಿಂತಾಗ ಮಾತ್ರ ಟ್ಯೂನಿಂಗ್ ಮಾಡಬಹುದಾದ ಕಾರ್ಬೊರೇಟರು ನಮ್ಮೂರಿಗೆ ಬೇಡವೆಂದು ಮೇಸ್ತ್ರಿ ಹಟ ಹಿಡಿದರು.

ಮುಂದಿನ ಸಲ ನಾಲ್ಕು ಜನ ಮತ್ತು ಡಿಕ್ಕಿಯಲ್ಲಿ ಹಲಸಿನ ಹಣ್ಣು ಹೇರಿಕೊಂಡು ಹದಿನಾಲ್ಕೂ ತಿರುವು ಹತ್ತಿತು. ಜೋಡಿ ಎಸ್‌ಯು ಈಗಲೂ ಅಟ್ಟದ ಮೇಲಿದೆ. ಇಡ್ಲಿ ತಟ್ಟೆಗಳು ಮೇಸ್ತ್ರಿಯ ಶೆಡ್ಡಿನಿಂದ ವಾಪಸು ಬರಲಿಲ್ಲ, ಅತ್ತೆ ಹೊಸತು ಕೊಂಡಳು.