ಕಿವಿಯಿಂದ ಕಲಿತ ಇಂಗ್ಲೀಷು

ಮೂವತ್ತೆರಡು ವರ್ಷ ಸಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ತನ್ನ ಕೆಲಸದ ಗುಣಗಾನವನ್ನು ಮಾಡಿಕೊಳ್ಳುವದು ಲೋಕರೂಢಿ. ಈ ಲೇಖನದಲ್ಲಿ ನಾನು ಅದಕ್ಕೆ ವಿರುದ್ಧವಾದ ಕೆಲಸಕ್ಕೆ ಹೊರಟಿದ್ದೇನೆ. ಇಷ್ಟು ವರ್ಷ ನಾನು ಇಂಗ್ಲೀಷನ್ನು ತಪ್ಪಾಗಿ ಕಲಿಸಿದೆನು. ಆ ತಪ್ಪು ಯಾವದೆಂಬದು ನಿವೃತ್ತನಾಗಿ ಗೋಕಾಕದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತ ಮೇಲೆಯೇ ನನಗೆ ಚೆನ್ನಾಗಿ ತಿಳಿಯಿತು. ಮನೆಯಲ್ಲಿ ಕಲಿಯುವ ಮಕ್ಕಳಿರುವ ವಾಚಕರಿಗೆ ಇದರಿಂದ ಅಲ್ಪಸ್ವಲ್ಪ ಪ್ರಯೋಜನವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಹುಟ್ಟಿದುದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಅಜ್ಜಿಗೆ ಅಕ್ಷರಜ್ಞಾನವಿರಲಿಲ್ಲ. ಆದರೆ ಅವಳ ಬಾಯಲ್ಲಿ ಕಥೆಗಳ ಕಣಜವೇ ಇತ್ತು. ಸಂಕೇಶ್ವರದ ಸಂತೆಗೆ ಮೆಣಸಿನಕಾಯಿ ಮಾರಲು ಅವಳು ಕನ್ನಡದಲ್ಲಿ ಮಾತಾಡುತ್ತ ಹೋಗುತ್ತಿದ್ದಳು. ಅಲ್ಲಿ ಮರಾಠಿಯಲ್ಲಿ ವ್ಯಾಪಾರ ಮುಗಿಸಿ, ಮರಳಿ ಕನ್ನಡದಲ್ಲಿಯೇ ಮಾತಾಡುತ್ತ ಬರುತ್ತಿದ್ದಳು. “ಅಜ್ಜೀ, ನಿನಗೆ ಮರಾಠಿ ಯಾರು ಕಲಿಸಿದರು?” ಎಂದು ನಾನೊಮ್ಮೆ ಕೇಳಿದೆನು. “ಯಾರ ಕಲಸ್ತಾರೋ ತಮ್ಮಾ? ಕಿವಿಗೆ ಬಿತ್ತು, ಬಾಯಿಗೆ ಬಂತು” ಎಂದಳು. ಈ ಉತ್ತರದಲ್ಲಿ ಭಾಷಾಶಿಕ್ಷಣದ ಸಾರವೆಲ್ಲ ಅಡಗಿದೆಯೆಂಬದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಸೀಮೆಯೇ ಕಿವಿಯ ವಿದ್ಯೆಯ ಸೀಮೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಮೆರೆಸಿದ ಆ ಆಟದ ಮಾತುಗಳನ್ನು, ಓದುಬರಹವಿಲ್ಲದ ರೈತರು ಅಕ್ಷರ ತಪ್ಪದಂತೆ ಹೇಳುತ್ತಿದ್ದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥ ಕೇಳಿದ ಕಥೆಗಳ ನೆಲದಿಂದಲೇ ತಮ್ಮ ಕಾವ್ಯನಾಟಕಗಳನ್ನು ಬೆಳೆಯಿಸಿದರು. 1950ರ ಜನೆವರಿಯಲ್ಲಿ ಧಾರವಾಡದ ಆಕಾಶವಾಣಿ ಪ್ರಾರಂಭವಾಯಿತು; ನನ್ನ ಬಾಲ್ಯದಲ್ಲಿ ಊರಿನ ಒಂದೇ ರೇಡಿಯೋದ ಸುತ್ತ ನಾವು ಉಸಿರು ಬಿಗಿಹಿಡಿದು ಕೂಡುತ್ತಿದ್ದೆವು. ಮುಂದೆ ಸಂಸ್ಕೃತವನ್ನು ಕಲಿಸಿದ ಗುರುಗಳೂ ಪುಸ್ತಕವನ್ನು ಮೊದಲು ಕೈಗೆ ಕೊಡಲಿಲ್ಲ. ಅವರು ಒಮ್ಮೆ ಹೇಳುವದು, ನಾವು ಎರಡು ಸಲ ಹೇಳುವದು. ತಪ್ಪಿಲ್ಲದೆ ಬಂದ ಮೇಲೆಯೇ ಓಲೆ ಹಾಳೆಗಳ ಮಾತು. ವೇದಕ್ಕೆ ಶ್ರುತಿಯೆಂಬ ಹೆಸರು ಬಂದುದು ಕೇಳಿದ್ದರಿಂದಲೇ ಅಲ್ಲವೆ?

ಇಷ್ಟೆಲ್ಲ ಕಿವಿಯಿಂದಲೇ ಪಡೆದವನು ತಾನು ಮಾಸ್ತರನಾದ ಮೇಲೆ ಮಾಡಿದುದೇನು? ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಲಗಿಯ ಸುತ್ತಿನಲ್ಲಿ ನನ್ನ ಸೇವೆಯ ಬಹುಭಾಗ ಕಳೆಯಿತು. ನಾನು ನೇಮಕವಾದುದು ಸಂಸ್ಕೃತಕ್ಕೆ. ಆದರೆ ಇಂಗ್ಲೀಷ್ ಮಾಸ್ತರರ ಕೊರತೆಯಿದ್ದುದರಿಂದ ಆ ತಾಸುಗಳೂ ನನ್ನ ಪಾಲಿಗೆ ಬಂದವು. ನಾನು ಹಲಗೆಯ ಮೇಲೆ ಕ್ರಿಯಾಪದದ ಕಾಲಗಳನ್ನು ಕೋಷ್ಟಕ ಮಾಡಿ ಬರೆಯುತ್ತಿದ್ದೆನು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವದನ್ನು ಲೆಕ್ಕದಂತೆ ಕಲಿಸುತ್ತಿದ್ದೆನು. ಪಾಠದ ಒಂದೊಂದು ವಾಕ್ಯಕ್ಕೂ ಕನ್ನಡದ ಅರ್ಥವನ್ನು ಬರೆಯಿಸುತ್ತಿದ್ದೆನು. ಮಕ್ಕಳಿಗೆ ಗುಣಗಳು ಬಂದವು. ನನಗೆ ಒಳ್ಳೆಯ ಹೆಸರೂ ಬಂದಿತು.

ನನ್ನ ವಿದ್ಯಾರ್ಥಿನಿಯೊಬ್ಬಳು, ಕಬ್ಬು ಕಡಿಯುವವರ ಮನೆಯ ಹುಡುಗಿ, ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಇಂಗ್ಲೀಷಿಗೆ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಗುಣಗಳನ್ನು ಪಡೆದಳು. ನಾನು ಅವಳ ಉತ್ತರಗಳನ್ನು ಬೇರೆ ಮಕ್ಕಳಿಗೆ ಮಾದರಿಯೆಂದು ತೋರಿಸುತ್ತಿದ್ದೆನು. ಪದವೀಧರೆಯಾದ ಬಳಿಕ ಅವಳಿಗೆ ಬೆಂಗಳೂರಿನ ಒಂದು ಕಚೇರಿಯಿಂದ ನೌಕರಿಯ ಸಂದರ್ಶನ ಫೋನಿನ ಮೇಲೆ ನಡೆಯಿತು. ಆ ಕಡೆಯವರು ಕೇಳಿದ ಮೊದಲನೆಯ ಪ್ರಶ್ನೆಯೇ ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದರು, ತಿಳಿಯಲಿಲ್ಲ. ಮೂರನೆಯ ಸಲ ಇವಳೇ ನಾಚಿ ಫೋನನ್ನು ಇಟ್ಟುಬಿಟ್ಟಳು. ಕೆಲದಿನಗಳಾದ ಮೇಲೆ ನಮ್ಮ ಮನೆಗೆ ಬಂದಾಗ ಈ ಸಂಗತಿಯನ್ನು ಹೇಳಿ, “ಸರ್, ಅವರು ಕೇಳಿದ್ದು ನಿಮ್ಮ ಹೆಸರೇನು, ಊರು ಯಾವದು ಎಂದಷ್ಟೇ ಇರಬೇಕು. ಬರೆದು ಕೊಟ್ಟಿದ್ದರೆ ಒಂದು ಪುಟ ಉತ್ತರ ಬರೆಯುತ್ತಿದ್ದೆ. ನಾವು ಕಲಿತ ಇಂಗ್ಲೀಷಿಗೆ ಧ್ವನಿಯೇ ಇರಲಿಲ್ಲ ನೋಡಿರಿ” ಎಂದು ನಕ್ಕಳು. ಅವಳ ಮಾತಿನಲ್ಲಿ ದೂಷಣೆಯಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು.

ನಿವೃತ್ತನಾದ ವರ್ಷ ನಾನು ಗೋಕಾಕದಲ್ಲಿ ಮಗನ ಮನೆಗೆ ಬಂದು ನಿಂತೆನು. ಸಂಜೆಗೆ ಮೊಮ್ಮಕ್ಕಳೂ ನೆರೆಯ ಮಕ್ಕಳೂ ಸೇರಿ ಏಳೆಂಟು ಜನ ಕಟ್ಟೆಯ ಮೇಲೆ ಕೂಡುವರು. ಒಂದು ದಿನ ಸೊಸೆಯು ತನ್ನ ಮೊಬೈಲನ್ನು ತಂದು, “ಮಾವಯ್ಯಾ, ಇದರಲ್ಲಿ ಪಾಡ್‌ಕಾಸ್ಟ್ ಎಂದು ಬರುತ್ತದೆ, ಮಕ್ಕಳಿಗೆ ಕೇಳಿಸಿರಿ” ಎಂದಳು. ಪಾಡ್‌ಕಾಸ್ಟ್ ಎಂದರೆ ನಮಗೆ ಬೇಕಾದಾಗ, ಬೇಕಾದಷ್ಟು ಸಲ ಕೇಳಬಹುದಾದ ಧ್ವನಿಮಾಲಿಕೆ. ಈ ಶಬ್ದವು ಹುಟ್ಟಿದುದೇ 2004ರಲ್ಲಿ. ಆದರೆ ಕೆಲಸ ಹೊಸದಲ್ಲ, ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯು ರೇಡಿಯೋದ ಮೂಲಕ ಇಂಗ್ಲೀಷನ್ನು ಕಲಿಸಲು 1943ರಲ್ಲಿಯೇ ತೊಡಗಿತ್ತು. ರೇಡಿಯೋದ ಮಾತು ಗಾಳಿಗೆ ಹೋಗುತ್ತಿತ್ತು. ಇದು ಕರೆದಾಗ ಮರಳಿ ಬರುವದು. ಕಲಿಯುವವನಿಗೆ ಇದು ಸಣ್ಣ ಲಾಭವಲ್ಲ.

ಮೊದಲನೆಯ ದಿನ ನಾನು ಬಿ.ಬಿ.ಸಿ.ಯವರದೇ ಆರು ನಿಮಿಷದ ಒಂದು ಸಂಭಾಷಣೆಯನ್ನು ಹಚ್ಚಿದೆನು. ಪ್ರಯೋಗವು ಪೂರ್ಣ ಕೆಟ್ಟಿತು. ಎರಡು ನಿಮಿಷದಲ್ಲಿ ಇಬ್ಬರು ಎದ್ದು ಹೋದರು, ಒಬ್ಬನು ಆಕಳಿಸಿದನು, ನನ್ನ ಮೊಮ್ಮಗಳು, “ಅಜ್ಜಾ, ಜೇನುಹುಳ ಗುಂಯ್ ಅಂದಾಂಗ ಆಗ್ತದ” ಎಂದಳು. ನಿಜ ಹೇಳಬೇಕೆಂದರೆ ನನಗೂ ಅರ್ಧ ತಿಳಿದಿರಲಿಲ್ಲ. ಮೂವತ್ತೆರಡು ವರ್ಷ ಇಂಗ್ಲೀಷನ್ನು ಕಲಿಸಿದವನು ಆರು ನಿಮಿಷದ ಇಂಗ್ಲೀಷನ್ನು ಕೇಳಲಾರದೆ ಹೋದೆನು.

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ತಪ್ಪು ಎಲ್ಲಿರುವದೆಂದು ಯೋಚಿಸುತ್ತಿರುವಾಗ ತೈತ್ತಿರೀಯದ ಶೀಕ್ಷಾವಲ್ಲಿಯು ನೆನಪಾಯಿತು. ಉಚ್ಚಾರಶಾಸ್ತ್ರಕ್ಕೆ ಅಲ್ಲಿ ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂಬ ಆರು ಅಂಗಗಳನ್ನು ಎಣಿಸಿದ್ದಾರೆ. ನಾನು ಇಂಗ್ಲೀಷಿನಲ್ಲಿ ಕಲಿಸಿದುದು ವರ್ಣವೊಂದನ್ನೇ! ಶಾಸ್ತ್ರದಲ್ಲಿ ಆ ಶಬ್ದಗಳ ಅರ್ಥವು ವೇದೋಚ್ಚಾರಕ್ಕೆ ಸಂಬಂಧಿಸಿದ್ದು. ನನ್ನ ತಿಳುವಳಿಕೆಗಾಗಿ ಅವನ್ನು ಇಂಗ್ಲೀಷಿಗೆ ಹೊಂದಿಸಿಕೊಂಡೆನು. ನಮ್ಮ ಕನ್ನಡದಲ್ಲಿ ಅಕ್ಷರಗಳೆಲ್ಲ ಬಹುಮಟ್ಟಿಗೆ ಸಮಾನವಾಗಿ ನಡೆಯುವವು. ಇಂಗ್ಲೀಷಿನಲ್ಲಿ ಒಂದಕ್ಕೆ ಬಲ ಬಿದ್ದರೆ ಮಿಕ್ಕವು ಸೊರಗುವವು. ಫೋಟೋಗ್ರಾಫ್ ಎಂಬಲ್ಲಿ ಮೊದಲನೆಯದರ ಮೇಲೆ ಬಲ. ಅದೇ ಫೊಟಾಗ್ರಫಿ ಎನ್ನುವಾಗ ಎರಡನೆಯದಕ್ಕೆ ಸರಿಯುವದು. ಇನ್ನು ಸಂತಾನವೆಂದರೆ ಶಬ್ದಗಳ ಎಡೆಬಿಡದ ಹೊಂದಿಕೆ. ‘ವಾಟ್ ಈಸ್ ಇಟ್’ ಎಂದು ನಾವು ಮೂರು ಶಬ್ದಗಳನ್ನು ಮೂರು ಕಲ್ಲುಗಳಂತೆ ಇಡುವೆವು. ಆಡುವವರ ಬಾಯಲ್ಲಿ ಅದು ‘ವಾಟಿಜಿಟ್’ ಆಗಿ ಹರಿಯುವದು. ಸಂಸ್ಕೃತದ ಸಂಧಿಯನ್ನು ಬಿಡಿಸಲು ಜನ್ಮವೆಲ್ಲ ಕಲಿಸಿದ ನಾನು, ಇಂಗ್ಲೀಷಿಗೂ ಸಂಧಿಯುಂಟೆಂಬದನ್ನು ಮರೆತಿದ್ದೆನು. ಆ ಹುಡುಗಿಗೆ ಶಬ್ದಗಳು ಗೊತ್ತಿದ್ದವು. ಸಂಧಿಯಾಗಿ ಬಂದಾಗ ಅವನ್ನು ಬಿಡಿಸುವ ಕಿವಿಯನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ.

ಆದರೆ ಕಿವಿಯು ತಾನಾಗಿ ನಿಲ್ಲುವದೆಲ್ಲಿ? ಕಥೆಯಲ್ಲಿ. ಮಹಿಲಾರೋಪ್ಯದ ಅರಸನ ಮೂವರು ಮಂದಬುದ್ಧಿಯ ಮಕ್ಕಳನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವ ಪಣವನ್ನು ತೊಟ್ಟ ವಿಷ್ಣುಶರ್ಮನು ವ್ಯಾಕರಣವನ್ನು ಕೈಗೆತ್ತಿಕೊಳ್ಳಲಿಲ್ಲ, ಕಥೆಗಳನ್ನು ಹೇಳಿದನು. ಆ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದನು. ಅದೇ ಕಥಾಸಮೂಹವು ಪಹ್ಲವಿ, ಅರಬ್ಬಿ ಮೊದಲಾದ ಭಾಷೆಗಳನ್ನು ದಾಟಿ 1570ರಲ್ಲಿ ಥಾಮಸ್ ನಾರ್ಥನ ಕೈಯಿಂದ ಇಂಗ್ಲೀಷಿಗೆ ಸೇರಿತು. ಹಾಗಾದರೆ ನಮ್ಮ ಕಥೆಯ ಬೆನ್ನು ಹತ್ತಿಯೇ ನಮ್ಮ ಮಕ್ಕಳು ಇಂಗ್ಲೀಷಿಗೆ ಏಕೆ ಹೋಗಬಾರದು?

ಮರುದಿನ ನಾನು ಮೊಬೈಲನ್ನು ತೆಗೆಯಲೇ ಇಲ್ಲ. ಮಂಗ ಮೊಸಳೆಗಳ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಿದೆನು. ಮಂಗನ ಹೃದಯವನ್ನು ಬೇಡಿದ ಮೊಸಳೆಯ ಹೆಂಡತಿಯನ್ನು ಮಕ್ಕಳು ಬೈದರು; ಹೃದಯವನ್ನು ಮರದ ಮೇಲೆಯೇ ಬಿಟ್ಟು ಬಂದೆನೆಂದ ಮಂಗನನ್ನು ಮೆಚ್ಚಿದರು. ಅದರ ಮರುದಿನ ಅದೇ ಕಥೆಯನ್ನು ಇಂಗ್ಲೀಷಿನಲ್ಲಿ ಕೇಳಿಸಿದೆನು. ಈ ಸಲ ಯಾರೂ ಏಳಲಿಲ್ಲ. ‘ಹಾರ್ಟ್’ ಎಂಬ ಶಬ್ದ ಬಂದೊಡನೆ ಒಬ್ಬನು, “ಅದs, ಅದs, ಹೃದಯ!” ಎಂದು ಕೂಗಿದನು. ಸಾಲೆಯಲ್ಲಿ ಹಿಂದೆ ಬಿದ್ದಿರುವನೆಂದು ಎಲ್ಲರೂ ಹೇಳುತ್ತಿದ್ದ ಹುಡುಗನಿವನು. ಓದಲು ತೊದಲುವ ಅವನ ಕಿವಿಯು ಎಲ್ಲರಿಗಿಂತ ಚುರುಕಾಗಿತ್ತು. ಅವನ ಈ ಗುಣವನ್ನು ಅಳೆಯುವ ಪ್ರಶ್ನೆಪತ್ರಿಕೆಯನ್ನು ನಾನೆಂದೂ ತೆಗೆದಿರಲಿಲ್ಲವೆಂದು ನೆನೆದು ನನಗೆ ಸಂಕಟವಾಯಿತು.

ಆಮೇಲೆ ನಾವು ಒಂದು ಕ್ರಮವನ್ನು ಗೊತ್ತುಮಾಡಿಕೊಂಡೆವು. ಮೊದಲನೆಯ ಸಂಜೆ ಕಥೆಯು ಕನ್ನಡದಲ್ಲಿ. ಎರಡನೆಯ ಸಂಜೆ ಅದೇ ಕಥೆಯನ್ನು ಇಂಗ್ಲೀಷಿನಲ್ಲಿ ಎರಡು ಸಲ ಕೇಳುವದು. ಆಗ ಮೂರೇ ಪ್ರಶ್ನೆಗಳು. ಮೂರನೆಯ ಸಂಜೆ ನಡುನಡುವೆ ನಿಲ್ಲಿಸಿ, ಕೇಳಿದಂತೆಯೇ ದನಿಯೇರಿಸಿ ಇಳಿಸಿ ಹೇಳುವದು. ನಾಲ್ಕನೆಯ ಸಂಜೆ ಮಕ್ಕಳೇ ಕಥೆಯನ್ನು ಹೇಳಬೇಕು. ಬಾರದಲ್ಲಿ ಕನ್ನಡ ಬೆರೆತರೂ ಚಿಂತೆಯಿಲ್ಲ, ನಡುವೆ ಯಾರೂ ತಿದ್ದಕೂಡದು. ಐದನೆಯ ದಿನವೇ ಪುಸ್ತಕ. ಶ್ರವಣ, ಮನನ, ನಿದಿಧ್ಯಾಸನಗಳೆಂದು ನಮ್ಮ ಹಿರಿಯರು ಹೇಳಿದ ಕ್ರಮವು ಇದಕ್ಕಿಂತ ಬಹಳ ಬೇರೆಯೇನೂ ಅಲ್ಲ. ಕಥೆಗಳಿಗೆ ಕೊರತೆಯಿಲ್ಲ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಭಂಡಾರದಲ್ಲಿ ಒಂದೇ ಕಥೆಯು ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಬಿಟ್ಟಿಯಾಗಿ ದೊರೆಯುವದುಂಟು.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆನು. ನಮ್ಮ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲೀಷನ್ನು ಕಲಿಸುತ್ತಿದ್ದ ಎ.ಕೆ. ರಾಮಾನುಜನ್ನರು ಹೆಣ್ಣುಮಕ್ಕಳ ಬಾಯಿಂದ ಕನ್ನಡದ ಕಥೆಗಳನ್ನು ಕೇಳಿ ಸಂಗ್ರಹಿಸಿದರು. ಅವರು ಇಂಗ್ಲೀಷಿಗೆ ತಿರುಗಿಸಿದ ಆ ಕಥೆಗಳು, ಅವರು ತೀರಿಕೊಂಡ ಮೇಲೆ, 1997ರಲ್ಲಿ ಪುಸ್ತಕವಾಗಿ ಬಂದವು. ಹೂಬಿಡುವ ಮರವಾಗಬಲ್ಲ ಹುಡುಗಿಯ ಕಥೆ ಅದರಲ್ಲಿದೆ. ಅದನ್ನು ನಾನೇ ಇಂಗ್ಲೀಷಿನಲ್ಲಿ ಓದಿ ಸೊಸೆಯಿಂದ ಧ್ವನಿಮುದ್ರಣ ಮಾಡಿಸಿ ಮಕ್ಕಳಿಗೆ ಕೇಳಿಸಿದೆನು. ಅಜ್ಜಿಯ ಕಥೆಯು ಇಂಗ್ಲೀಷಿನ ಅರಿವೆಯುಟ್ಟು ಬಂದುದನ್ನು ಕಂಡು ಮಕ್ಕಳಿಗಿಂತ ಹೆಚ್ಚು ಸಂತೋಷವಾದುದು ನನಗೆ. ಹಾಗೆಯೇ ಮೊಮ್ಮಗಳು, “ಅಜ್ಜಾ, ‘ವೆಡ್ನೆಸ್‌ಡೇ’ ಅಲ್ಲ, ‘ವೆನ್ಸ್‌ಡೇ’” ಎಂದು ನನ್ನನ್ನು ತಿದ್ದಿದಾಗ ಸಿಟ್ಟು ಬರಲಿಲ್ಲ; ಅರವತ್ತಕ್ಕೆ ಹೊಸದಾಗಿ ಸಾಲೆಗೆ ಸೇರಿದಂತಾಯಿತು.

ಇದರಿಂದ ಕನ್ನಡಕ್ಕೆ ಹಾನಿಯಾಗದೇ ಎಂದು ಕೆಲವರು ಕೇಳುವರು. ನಮ್ಮೂರಿನ ಹೆಸರನ್ನೇ ಮನೆತನದ ಹೆಸರಾಗಿ ಪಡೆದ ವಿ.ಕೃ. ಗೋಕಾಕರು ಆಕ್ಸಫರ್ಡಿನಲ್ಲಿ ಓದಿದ ಇಂಗ್ಲೀಷ್ ಪ್ರಾಧ್ಯಾಪಕರು. ಕನ್ನಡಕ್ಕೆ ಸಾಲೆಗಳಲ್ಲಿ ಅಗ್ರಸ್ಥಾನ ಸಲ್ಲಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಕಥೆಯು ಮೊದಲು ಕನ್ನಡದಲ್ಲಿ ಮನಸ್ಸಿಗೆ ಇಳಿದರೇ ಇಂಗ್ಲೀಷಿಗೆ ನಿಲ್ಲಲು ನೆಲ ಸಿಗುವದೆಂಬದು ನನ್ನ ಅನುಭವ.

ತಾಯಿತಂದೆಗಳಿಗೆ ಎರಡು ಮಾತು. ಈ ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟು ನೀವು ಎದ್ದುಹೋಗಬೇಡಿರಿ. ಕಥೆ ಮುಗಿಯುವದರೊಳಗಾಗಿ ಅದು ಇನ್ನಾವದೋ ಚಿತ್ರಕ್ಕೆ ಅವರನ್ನು ಸೆಳೆದೊಯ್ಯುವದು. ನಾವು ಮೊಬೈಲನ್ನು ಬೋರಲಾಗಿ ಮಲಗಿಸಿ ಧ್ವನಿಯೊಂದನ್ನೇ ಕೇಳುವೆವು. ಎರಡನೆಯದಾಗಿ, ಓದುವದನ್ನೂ ಬರೆಯುವದನ್ನೂ ಬಿಡಿಸಬೇಡಿರಿ. ಕಿವಿಯ ವಿದ್ಯೆಗೆ ಕೈಯ ವಿದ್ಯೆಯೂ ಬೇಕು. ದಿನಕ್ಕೆ ಅರ್ಧ ತಾಸು ಅವರ ಜೊತೆ ಕುಳಿತು, ನಿಮಗೆ ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಒಪ್ಪಿಕೊಂಡರೆ ಸಾಕು.

ಕಳೆದ ದೀಪಾವಳಿಗೆ ಆ ಹಳೆಯ ವಿದ್ಯಾರ್ಥಿನಿಯು ಹಬ್ಬದ ಫಳಾರ ಕೊಡಲು ಬಂದಿದ್ದಳು. ಈಗ ಅವಳು ಊರಲ್ಲಿಯೇ ಸಣ್ಣ ನೌಕರಿಯಲ್ಲಿರುವಳು. ಮಕ್ಕಳ ಹಿಂದೆ ಕಂಬಕ್ಕೆ ಒರಗಿ ಕುಳಿತು ಅವಳೂ ಕಥೆಯನ್ನು ಕೇಳಿದಳು. ನಗುವ ಸ್ಥಳದಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಹೊರಡುವಾಗ, “ಸರ್, ಇದರ ಹೆಸರನ್ನು ಬರೆದುಕೊಡಿರಿ, ರಾತ್ರಿ ಕೆಲಸ ಮುಗಿದ ಮೇಲೆ ಕೇಳುವೆನು” ಎಂದಳು. ನಾನು ಬರೆದುಕೊಟ್ಟೆನು. ಹತ್ತು ವರ್ಷ ತಡವಾಗಿ ಕೊಟ್ಟ ಪಾಠವದು. ಅವಳು ಅದನ್ನು ಮಡಿಚಿ ಜೋಪಾನವಾಗಿ ಚೀಲದಲ್ಲಿ ಇಟ್ಟುಕೊಂಡಳು.