ಕಡೇಚೂರಿಗೆ ಹೋಗಿಬಂದದ್ದು

ಸೈದಾಪುರದ ರೈಲುನಿಲ್ದಾಣದಲ್ಲಿ ನಾವು ಇಳಿದಾಗ ಹೊತ್ತು ಇಳಿಮುಖವಾಗಿತ್ತು. ರಾಯಚೂರಿನಿಂದ ಕೃಷ್ಣೆಯನ್ನು ದಾಟಿ ಯಾದಗಿರಿಯ ಕಡೆಗೆ ಸಾಗುವ ಈ ಹಳಿ ಬಹಳ ಹಳೆಯದು. ಮುಂಬಯಿಯಿಂದ ಬಂದ ದಾರಿಯೂ ಮದರಾಸಿನಿಂದ ಬಂದ ದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಅಂದಿನಿಂದ ಗಾಡಿಗಳು ಈ ಸೀಮೆಯನ್ನು ಹಾದುಹೋಗುತ್ತಲೇ ಇವೆ. ಹಾದುಹೋಗುತ್ತಿವೆ ಎಂದೆವೇ ಹೊರತು, ಇಲ್ಲಿಯವರಿಗಾಗಿ ನಿಂತವು ಎನ್ನಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕಡೇಚೂರು ಯಾದಗಿರಿ ಜಿಲ್ಲೆಯ ಅಂಚಿನಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿರುವ ಊರು. 1948ರವರೆಗೆ ಇದು ನಿಜಾಮರ ಸೀಮೆ; 1956ರಲ್ಲಿ ಕನ್ನಡ ನಾಡೊಂದಾದಾಗ ನಮ್ಮೊಡನೆ ಕೂಡಿತು. ದಾರಿಯ ಎರಡೂ ಬದಿಗೆ ತೊಗರಿ ಹೂಬಿಟ್ಟಿತ್ತು. ನಮ್ಮ ಆತಿಥೇಯರು ಎಪ್ಪತ್ತು ದಾಟಿದ ಒಕ್ಕಲಿಗರು. ನಮ್ಮ ಮನೆಯವರ ಕಡೆಯಿಂದ ದೂರದ ಬಂಧುಗಳು. ಕೈಕಾಲು ತೊಳೆದು ಒಳಗೆ ಹೋದರೆ, ಪಡಸಾಲೆಯಲ್ಲಿ ಮೊಮ್ಮಕ್ಕಳು ಟಿ.ವಿ.ಯ ಮುಂದೆ ಕಣ್ಣೆವೆಯಿಕ್ಕದೆ ಕುಳಿತಿದ್ದರು. ನಡೆಯುತ್ತಿದ್ದುದು ರಾಜಕುಮಾರರ ‘ಆಪರೇಷನ್ ಡೈಮಂಡ್ ರಾಕೆಟ್’.

ಕಿರಿಯ ವಾಚಕರಿಗಾಗಿ ಈ ಚಿತ್ರದ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳುವೆವು. ಜೇಮ್ಸ್ ಬಾಂಡನ ಚಿತ್ರಗಳು ಲೋಕವನ್ನೆಲ್ಲ ಮರುಳುಗೊಳಿಸುತ್ತಿದ್ದ ಕಾಲದಲ್ಲಿ, 1968ರಲ್ಲಿ, ದೊರೆ–ಭಗವಾನ್ ಎಂಬ ಜೋಡಿ ನಿರ್ದೇಶಕರು ‘ಜೇಡರ ಬಲೆ’ಯನ್ನು ತೆಗೆದರು. ಪೌರಾಣಿಕ ಪಾತ್ರಗಳಲ್ಲಿ ಕಿರೀಟ ಧರಿಸಿ ಜನರ ಕೈಮುಗಿಸಿಕೊಂಡಿದ್ದ ನಟರು ಇಲ್ಲಿ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಮುಂದೆ ಹಿಂದೀ ಚಿತ್ರರಂಗವನ್ನಾಳಿದ ರೇಖಾ ನಾಯಿಕೆಯಾಗಿ ಮೊದಲು ಕಾಣಿಸಿಕೊಂಡದ್ದು ಈ ಮೂರನೆಯದರಲ್ಲಿ. ಆಮೇಲೆ ಪತ್ತೇದಾರನ ಸುಳಿವಿಲ್ಲ. ಒಂಬತ್ತು ವರ್ಷ ಕಳೆದು, 1978ರಲ್ಲಿ, ಅವನು ನಾಲ್ಕನೆಯ ಸಲ ಬಂದನು. ಆಗ ರಾಜಕುಮಾರರು ಐವತ್ತರ ಹೊಸ್ತಿಲಲ್ಲಿದ್ದರು.

“ಅಷ್ಟು ವರ್ಷ ಬಿಟ್ಟು ಯಾಕ ಬಂದ?” ಎಂದು ಕಿರಿಯ ಮೊಮ್ಮಗ ಕೇಳಿದನು. ಪ್ರಶ್ನೆ ಚಿಕ್ಕದಾದರೂ ನಮಗೆ ಉತ್ತರ ಕೂಡಲೆ ತೋಚಲಿಲ್ಲ. ಇದು ಕನ್ನಡದ ಚಿತ್ರವೊಂದಕ್ಕೇ ಸಲ್ಲುವ ಪ್ರಶ್ನೆಯೂ ಅಲ್ಲ. ಅಮೆರಿಕೆಯಲ್ಲಿ 1981ರಲ್ಲಿ ಮೊದಲುಗೊಂಡ ಇಂಡಿಯಾನಾ ಜೋನ್ಸನ ಸಾಹಸಗಳ ಐದನೆಯ ಭಾಗ 2023ರಲ್ಲಿ ತೆರೆಗೆ ಬಂದಾಗ ಅದರ ನಾಯಕನಟ ಹ್ಯಾರಿಸನ್ ಫೋರ್ಡರಿಗೆ ಎಂಬತ್ತು ವರ್ಷ. ಹಣದಾಸೆ ಒಂದು ಕಾರಣವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಣವೊಂದೇ ಆಗಿದ್ದರೆ ನೋಡುವವರು ಯಾಕೆ ಹೋಗುತ್ತಾರೆ? ಅವರೂ ಈ ನಡುವೆ ಮುದುಕರಾಗಿರುತ್ತಾರೆ. ತಮ್ಮೊಡನೆ ಬೆಳೆದವನು ಹೇಗಿದ್ದಾನೆಂದು ನೋಡಿಬರುವ ಆಸೆ ಅವರದು.

ಆತಿಥೇಯರು ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ, ತಾವು ಹರೆಯದಲ್ಲಿ ಯಾದಗಿರಿಗೆ ಹೋಗಿ ಈ ಚಿತ್ರವನ್ನು ನೋಡಿದ ಕಥೆ ಹೇಳಿದರು. ಸೈದಾಪುರದವರೆಗೆ ನಡಿಗೆ, ಅಲ್ಲಿಂದ ರೈಲು. ಆಟ ಮುಗಿದ ಮೇಲೆ ನಿಲ್ದಾಣದ ಕಲ್ಲುಹಾಸಿನ ಮೇಲೆ ಮಲಗಿ ಬೆಳಗಿನ ಗಾಡಿಗೆ ಮನೆ. “ಹೊಳ್ಳಿ ಬಂದವರು ಮೊದಲಿನ ವೇಷಾನ ಹಾಕ್ಕೊಂಡು ಬಂದ್ರ ಏನು ಬಂತ್ರೀ? ಈ ಸಲ ಅಂವ ತನ್ನ ದನಿ ತಗೊಂಡು ಬಂದಿದ್ದ. ಅದಕ್ಕ ನಾ ಎರಡು ಸಲ ನೋಡಿದೆ” ಎಂದರು.

ಈ ಮಾತು ಸತ್ಯವಾದುದು. ಮೊದಲಿನ ಚಿತ್ರಗಳ ಕಾಲದಲ್ಲಿ ರಾಜಕುಮಾರರ ಮುಖಕ್ಕೆ ಪಿ.ಬಿ. ಶ್ರೀನಿವಾಸರ ಕಂಠವಿರುತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅವರೇ ಹಾಡಿದ ಹಾಡು ನಾಡೆಲ್ಲ ಮೊಳಗಿದ ಬಳಿಕ, ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ನಾಲ್ಕನೆಯ ಚಿತ್ರದಲ್ಲಿ ಜಿ.ಕೆ. ವೆಂಕಟೇಶರ ಸಂಗೀತಕ್ಕೆ, ಶಾಲೆಯ ಓದು ಹೆಚ್ಚಿಲ್ಲದ ಆ ಕಲಾವಿದರು ‘ಇಫ್ ಯೂ ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನು ಹಾಡಿದ್ದಾರೆ. ನಿರ್ದೇಶಕರೂ ಈ ನಡುವೆ ಸುಮ್ಮನಿರಲಿಲ್ಲ. ‘ಕಸ್ತೂರಿ ನಿವಾಸ’ (1971), ‘ಎರಡು ಕನಸು’ (1974) ಮೊದಲಾದ ಮನೆತನದ ಕಥೆಗಳಲ್ಲಿ ಕೈ ಪಳಗಿಸಿಕೊಂಡಿದ್ದರು. ಮರಳಿ ಬಂದವರು ಹಳಬರೇ. ಆದರೆ ಬರಿಗೈಯಲ್ಲಿ ಬಂದವರಲ್ಲ.

“ನಮ್ಮೂರಾಗ ವಜ್ರ ಅದಾವೇನು?” ಎಂಬುದು ಹುಡುಗನ ಮುಂದಿನ ಪ್ರಶ್ನೆ. ಇದಕ್ಕೆ ನಾವು ಉತ್ತರ ಹೇಳಬಲ್ಲವರಾಗಿದ್ದೆವು. ಕೃಷ್ಣೆಯ ಕೆಳದಂಡೆಯಲ್ಲಿ, ಇಂದಿನ ಆಂಧ್ರದ ಕೊಲ್ಲೂರಿನ ವಜ್ರದ ಗಣಿ ಹದಿನೇಳನೆಯ ಶತಮಾನದಲ್ಲಿ ಲೋಕಪ್ರಸಿದ್ಧವಾಗಿತ್ತು. ವಜ್ರವನ್ನು ಭೂಮಿಯ ಆಳದಿಂದ ಮೇಲಕ್ಕೆ ಹೊತ್ತು ತರುವ ಕಿಂಬರ್ಲೈಟ್ ಎಂಬ ಶಿಲೆ ಇಲ್ಲಿಗೆ ನೆರೆಯ ನಾರಾಯಣಪೇಟೆಯ ಸೀಮೆಯಲ್ಲಿ ಹತ್ತಾರು ಕಡೆ ಸಿಕ್ಕಿದೆ. ಅದರ ವಯಸ್ಸು ನೂರು ಕೋಟಿ ವರ್ಷಗಳಿಗೂ ಮಿಕ್ಕುದು. ಆದರೆ ಗಣಿ ತೋಡುವಷ್ಟು ವಜ್ರ ಅದರಲ್ಲಿ ಕಂಡುಬಂದಿಲ್ಲ. “ಅಂದ್ರ ಬಂಡಿ ಬಂತು, ಮಾಲು ಬರಲಿಲ್ಲ” ಎಂದು ಮುದುಕರು ನಕ್ಕರು.

ಆ ನಗೆಯ ಹಿಂದಿನ ಅರ್ಥ ಮರುದಿನ ಬೆಳಗ್ಗೆ ತಿಳಿಯಿತು. ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಮೂರು ಸಾವಿರ ಎಕರೆಗೂ ಮಿಕ್ಕ ನೆಲ ಈಗ ಕೈಗಾರಿಕಾ ಪ್ರದೇಶವಾಗಿದೆ. ಅಲ್ಲಿ ರೈಲ್ವೆ ಇಲಾಖೆಯ ಬೋಗಿ ಕಾರ್ಖಾನೆಯಿದೆ. ನಮ್ಮ ಜನ ಬೋಗಿಯೆಂದರೆ ಡಬ್ಬಿಯೆಂದು ತಿಳಿಯುವರು. ಇಲ್ಲಿ ಸಿದ್ಧವಾಗುವುದು ಡಬ್ಬಿಯಲ್ಲ, ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದು ಇಡೀ ಭಾರವನ್ನು ಹೊರುವ ಉಕ್ಕಿನ ಚೌಕಟ್ಟು. ನೋಡುವವರ ಕಣ್ಣಿಗೆ ಬೀಳದೆ ಭಾರ ಹೊರುವುದು ಅದರ ಧರ್ಮ.

ಆತಿಥೇಯರು ನಮ್ಮನ್ನು ಒಂದು ಕಾಂಪೌಂಡು ಗೋಡೆಯವರೆಗೆ ಕರೆದೊಯ್ದು, ಊರುಗೋಲಿನಿಂದ ಆಚೆಗೆ ತೋರಿಸಿದರು. ಅಲ್ಲಿ ಅವರ ಹೊಲವಿತ್ತು. ಹೊಲದ ಬದುವಿನಲ್ಲಿ ಅವರ ತಂದೆ ನೆಟ್ಟ ಬೇವಿನ ಮರವಿತ್ತು. ಪರಿಹಾರದ ಹಣ ಬಂದಿತು. ಮನೆಗೆ ಮಹಡಿಯಾಯಿತು, ಮಗಳ ಮದುವೆಯಾಯಿತು, ಹಣ ತೀರಿತು. ಮನೆಗೊಂದು ಕೆಲಸ ಸಿಕ್ಕೀತೆಂಬ ಮಾತನ್ನು ಅವರು ನಂಬಿದ್ದರು. ಹಿರಿಯ ಮೊಮ್ಮಗ ಐ.ಟಿ.ಐ. ಮುಗಿಸಿ ಎರಡು ವರ್ಷವಾಯಿತು, ಅರ್ಜಿ ಬರೆಯುತ್ತಿದ್ದಾನೆ. ಗಾಳಿ ತಿರುಗಿದ ರಾತ್ರಿ ಮೂಗು ಮುಚ್ಚಿಕೊಂಡು ಮಲಗಬೇಕಾಗುತ್ತದೆಂದು ಸೊಸೆ ಹಿಂದಿನ ರಾತ್ರಿಯೇ ಹೇಳಿದ್ದಳು.

“ನಮ್ಮಪ್ಪನ ಕಾಲದಾಗ ರೈಲು ಹಾದು ಹೋಗ್ತಿತ್ತು. ಈಗ ಹೊಳ್ಳಿ ಬಂದದ, ನಮ್ಮ ಹೊಲದಾಗ ನಿಂತದ. ನಾ ಬ್ಯಾಡ ಅನ್ನಾಂಗಿಲ್ಲ. ಆದರ ನಮ್ಮ ಹುಡುಗರ ದನಿ ಅದರಾಗ ಕೇಳಿಸಬೇಕಲ್ರೀ” ಎಂದು ಹೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು.

ನಮಗೆ ಹಿಂದಿನ ಸಂಜೆಯ ಮಾತು ನೆನಪಾಯಿತು. ತಡವಾಗಿ ಬಂದ ಉತ್ತರಕಥೆಯನ್ನು ಜನ ತಡವಾಯಿತೆಂದು ತಿರಸ್ಕರಿಸುವುದಿಲ್ಲ. ಹಿಂದೆ ಕೊಡದೆ ಉಳಿಸಿಕೊಂಡಿದ್ದುದನ್ನು ಈಗಲಾದರೂ ತಂದಿದೆಯೇ ಎಂದು ಕಾದು ನೋಡುತ್ತಾರೆ. ಕಡೇಚೂರಿನವರು ಈಗ ಹಾಗೆ ಕಾದಿದ್ದಾರೆ. ಆದರೆ ಈ ಆಟಕ್ಕೆ ಅವರು ಕೊಟ್ಟ ಟಿಕೇಟು ನೆಲವೆಂಬುದನ್ನು ಮರೆಯಬಾರದು.

ಹಿರಿಯ ಮೊಮ್ಮಗ ನಮ್ಮನ್ನು ಮೋಟಾರುಸೈಕಲ್ಲಿನಲ್ಲಿ ನಿಲ್ದಾಣಕ್ಕೆ ತಂದುಬಿಟ್ಟನು. ಗಾಡಿ ಬಂದಾಗ ಅವನು ಡಬ್ಬಿಗಳನ್ನು ನೋಡಲಿಲ್ಲ. ಬಗ್ಗಿ, ಚಕ್ರಗಳ ಮೇಲಿನ ಉಕ್ಕಿನ ಚೌಕಟ್ಟನ್ನು ನೋಡುತ್ತಿದ್ದನು.